ಚಿನ್ನು ಒತ್ತಿದ ಇನ್ನೊಂದು ಚಿತ್ರ

(ಗುರುತು ಸಿಗದಿರಲಿ ಎಂದು ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಹಾಸನದಲ್ಲಿ ನಾನು ಸಲಹೆ ಕೊಡುವ ಕೋಣೆಗೆ ಆ ತಾಯಿ ಬಂದದ್ದು ಮಗನ ವಿಷಯಕ್ಕಲ್ಲ, ದುಡ್ಡಿನ ವಿಷಯಕ್ಕೆ. ಚೀಟಿ ಎತ್ತಿದ 60,000 ರೂಪಾಯಿ ಕೈಯಲ್ಲಿತ್ತು. ಅದರಲ್ಲಿ ಮಗನಿಗೆ 'ಮಾತಾಡೋ ಟ್ಯಾಬ್' (ಚಿತ್ರ ಒತ್ತಿದರೆ ಆ ಮಾತನ್ನು ಹೇಳುವ ಟ್ಯಾಬ್ಲೆಟ್) ತರಬೇಕು ಅಂತ ಇವರು, ಬೇಡವೇ ಬೇಡ ಅಂತ ಗಂಡ. ಹದಿನೈದು ದಿನದಿಂದ ಗಂಡ ಹೆಂಡತಿ ನಡುವೆ ಮಾತಿಲ್ಲ. "ಮನೇಲಿ ಮಾತಾಡದೇ ಇರೋರು ಈಗ ಮೂರು ಜನ ಮೇಡಂ" ಅಂತ ಹೇಳಿ ಅವರೇ ನಕ್ಕರು.

ತಾಯಿಗೆ 34 ವರ್ಷ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡ ಕಾಫಿ ಕ್ಯೂರಿಂಗ್ ಘಟಕದಲ್ಲಿ ಕೆಲಸಕ್ಕಿದ್ದಾರೆ. ಮಗನನ್ನು ಚಿನ್ನು ಅನ್ನೋಣ. 8 ವರ್ಷ, ಆಟಿಸಂ ಇದೆ, ಮಾತಿಲ್ಲ. ಬೇಕಾದ್ದನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾನೆ. ತೋರಿಸೋಕೆ ಆಗದ್ದಕ್ಕೆ ಕಿರುಚುತ್ತಾನೆ.

ಜಗಳ ಶುರುವಾದದ್ದು ಬೆಂಗಳೂರಿನಲ್ಲಿ ನಡೆದ ಸಹಾಯಕ ತಂತ್ರಜ್ಞಾನದ, ಅಂದರೆ ಅಂಗವೈಕಲ್ಯ ಇದ್ದವರಿಗೆ ನೆರವಾಗುವ ಸಾಧನಗಳ, ಒಂದು ಸಮ್ಮೇಳನದಿಂದ. ತಾಯಿ ಮಗ ಇಬ್ಬರೇ ಬೆಳಗಿನ ರೈಲು ಹತ್ತಿ ಹೋಗಿದ್ದರು. ಅಲ್ಲೊಂದು ಮಳಿಗೆ. ಅಲ್ಲಿದ್ದ ಹುಡುಗ ಚಿನ್ನುವಿನ ಕೈ ಹಿಡಿದು ಟ್ಯಾಬಿನ ಚಿತ್ರಗಳ ಮೇಲೆ ಒತ್ತಿಸಿದ. ಯಂತ್ರ ಹೇಳಿತು: "ನಾನು ಅಮ್ಮನನ್ನು ಪ್ರೀತಿಸುತ್ತೇನೆ." ಸುತ್ತ ನಿಂತವರು ಚಪ್ಪಾಳೆ ತಟ್ಟಿದರು, ಯಾರೋ ವಿಡಿಯೋ ಮಾಡಿದರು. ತಾಯಿ ಅಲ್ಲೇ ಅತ್ತುಬಿಟ್ಟರು. ನನ್ನ ಮುಂದೆ ಹೇಳುವಾಗಲೂ ಕಣ್ಣು ತುಂಬಿತ್ತು.

"ಆಮೇಲೇನಾಯ್ತು?" ಅಂದೆ.

"ಆಮೇಲೆ ಮಾನ ಕಳೆದ ಮೇಡಂ. ಕೈ ಬಿಟ್ಟಿದ್ದೇ ತಡ, ಒಂದೇ ಚಿತ್ರ ಒತ್ತೋಕೆ ಶುರು ಮಾಡಿದ. 'ಮುಗಿಯಿತು, ಮುಗಿಯಿತು' ಅಂತ ಅದು ಹೇಳ್ತಾನೇ ಇತ್ತು. ಎಲ್ಲರೂ ನಕ್ಕರು. ಟ್ಯಾಬ್ ಕಿತ್ಕೊಂಡೆ. ಹೋಗಿ ಮೇಜಿನ ಕೆಳಗೆ ಮಲಗಿಬಿಟ್ಟ. ಎರಡು ಗಂಟೆ ಎದ್ದೇಳಲಿಲ್ಲ."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಕೇಳಿದೆ: ಅಷ್ಟು ಹೊತ್ತಿಗೆ ಎಷ್ಟು ಗಂಟೆ ಆಗಿತ್ತು? ಊಟ ಆಗಿತ್ತಾ? ಊಟ ಆಗಿರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದಿದ್ದ. ಪಕ್ಕದಲ್ಲೇ ಮೈಕು. ಹಾಗಾದರೆ ಅವನು ಆಟ ಆಡುತ್ತಿದ್ದನಾ, ಸಾಕು ಹೋಗೋಣ ಅಂತಿದ್ದನಾ?

ತಾಯಿ ಬ್ಯಾಗಿನ ಜಿಪ್ ಎಳೆದರು, ಮತ್ತೆ ಹಾಕಿದರು. ಉತ್ತರ ಹೇಳಲಿಲ್ಲ.

ಅವನು ಹಾಗೇ ಅಂದ ಅಂತ ನಾನೂ ಗಟ್ಟಿಯಾಗಿ ಹೇಳಲಾರೆ. ಆ ಚಿತ್ರದ ಅರ್ಥ ಅವನಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಅದು ಅವನ ಸ್ವಂತ ಬೆರಳು. ಮೊದಲನೆಯ ಮಾತು ಮಳಿಗೆಯವನ ಕೈಯದ್ದು. ಹೀಗೆ ಕೈ ಹಿಡಿದು ಹೇಳಿಸಿದ್ದನ್ನು ಮಗುವಿನ ಮಾತು ಅಂತ ತಿಳಿಯಬಾರದು. ಈ ಪದ್ಧತಿ ಬಳಸಲೇಬೇಡಿ ಅಂತ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲೇ ಹೇಳಿದೆ. ಇದನ್ನು ಆ ತಾಯಿಗೆ ಹೇಳೋದು ನನಗೆ ಸುಲಭವಾಗಿರಲಿಲ್ಲ. ಎಂಟು ವರ್ಷ ಕಾದು ಕೇಳಿದ ಒಂದು ವಾಕ್ಯ ಅಲ್ವಾ ಅದು. ಪ್ರೀತಿ ಸುಳ್ಳಲ್ಲ, ವಾಕ್ಯ ಮಾತ್ರ ಅವನದ್ದಲ್ಲ ಅಂದೆ.

ಮುಂದಿನ ಸಲ ಗಂಡನನ್ನೂ ಅತ್ತೆಯನ್ನೂ ಕರೆಸಿದೆ. ಅತ್ತೆಯ ಭಯ ಬೇರೆಯೇ ಇತ್ತು. "ಚಿತ್ರ ತೋರ್ಸಿ ಅಭ್ಯಾಸ ಆದ್ರೆ ಇನ್ನು ಬಾಯೇ ಬಿಡಲ್ಲ ಕಣಮ್ಮ." ತುಂಬಾ ಮನೆಗಳಲ್ಲಿ ಕೇಳುವ ಮಾತಿದು. ಇದರ ಮೇಲಿನ ಹಳೆಯ ಅಧ್ಯಯನಗಳನ್ನೆಲ್ಲ ಸೋಸಿ 2006ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಅದರಲ್ಲಿ ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಇದ್ದ ಮಾತು ಕಡಿಮೆಯಾಗಿರಲಿಲ್ಲ. ಹೆಚ್ಚಿನವರಿಗೆ ಅಷ್ಟೋ ಇಷ್ಟೋ ಜಾಸ್ತಿಯೇ ಆಗಿತ್ತು. ಇಷ್ಟು ಹೇಳಿದ ಮೇಲೂ ಅಜ್ಜಿ ಒಪ್ಪಲಿಲ್ಲ. ಆದರೆ ಅಡ್ಡಿಯೂ ಮಾಡಲಿಲ್ಲ.

ಟ್ಯಾಬ್ ಮೂರು ತಿಂಗಳು ಬೇಡ ಅಂದೆ. ಗಂಡ ಗೆದ್ದವರ ಹಾಗೆ ಕೂತರು. ಅವರಿಗೂ ಒಂದು ಕೆಲಸ ಕೊಟ್ಟೆ: ರಟ್ಟಿನ ಮೇಲೆ ಒಂಬತ್ತು ಚಿತ್ರದ ಬೋರ್ಡು ಮಾಡಿಕೊಂಡು ಬನ್ನಿ. ಬೇಕು, ಬೇಡ, ಇನ್ನೂ, ಆಯ್ತು, ಬಾ, ನೀರು, ಹೊರಗೆ, ನೋವು, ಅಜ್ಜಿ. ತಿಂಡಿ ಆಟಿಕೆಗಳ ಚಿತ್ರವನ್ನೇ ತುಂಬಿಸಿದರೆ ಮಗು ಕೇಳೋದು ಕಲಿಯುತ್ತೆ, ಬೇಡ ಅನ್ನೋದು ಕಲಿಯಲ್ಲ. ಟ್ಯಾಬಿನಲ್ಲಿದ್ದ 'ಮುಗಿಯಿತು' ಬದಲು ಇಲ್ಲಿ 'ಆಯ್ತು' ಹಾಕಿಸಿದೆ. ಹಾಸನದ ಯಾವ ಮನೆಯಲ್ಲಿ ಊಟ ಮುಗಿಸಿ 'ಮುಗಿಯಿತು' ಅಂತಾರೆ ಹೇಳಿ! ಮುಂದೆ ಟ್ಯಾಬ್ ಬಂದರೂ ಅದಕ್ಕೆ ಅವನ ವಯಸ್ಸಿನ ದೊಡ್ಡಪ್ಪನ ಮಗನ ಧ್ವನಿ ರೆಕಾರ್ಡ್ ಮಾಡಿ ಹಾಕಿ ಅಂದೆ. ಹೆಂಗಸಿನ ಯಂತ್ರದ ಧ್ವನಿ ಹುಡುಗನಿಗೆ ಯಾಕೆ?

ಇನ್ನು ಬಳಸುವ ರೀತಿ. ಅವನ ಕೈ ಹಿಡಿಯಬೇಡಿ. ಮಾತಾಡ್ತಾ ನೀವೇ ಚಿತ್ರ ಮುಟ್ಟಿ. ನಾವು ಮಾತು ಕಲಿತದ್ದು ಬೇರೆಯವರು ಆಡಿದ್ದನ್ನು ವರ್ಷಗಟ್ಟಲೆ ಕೇಳಿ. ಅವನಿಗೂ ನೋಡೋಕೆ ಅಷ್ಟು ಕಾಲ ಬೇಕು. ಅವನನ್ನು ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ನಡುವೆ ಬಾಯಿ ಹಾಕಬೇಡಿ. ಅವನು 'ಆಯ್ತು' ಮುಟ್ಟಿದರೆ ಅದು ಆಗಲೇಬೇಕು, ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿದ್ದರೂ. ತಾಯಿಗೆ ಕಷ್ಟವಾದದ್ದು ಇದೇ.

ದುಡ್ಡಿನ ಬಗ್ಗೆಯೂ ಸ್ವಲ್ಪ ಮಾತಾಡಿದೆವು. ಚಿತ್ರ ಒತ್ತಿದರೆ ಮಾತಾಡುವ, ಬಾಂಬೆ ಐಐಟಿಯವರ ಜೆಲ್ಲೋ ಆ್ಯಪ್ ಉಚಿತ, ಹಳೇ ಫೋನಿನಲ್ಲೇ ನೋಡಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮಗೆ ದೂರವೇನಲ್ಲ, ಯಾವ ಸಾಧನ ಹೊಂದುತ್ತೆ ಅಂತ ಅಲ್ಲಿ ಪರೀಕ್ಷೆ ಮಾಡಿಸಿ ಆಮೇಲೆ ಕೊಳ್ಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇವರು ಮಾಡಿಸಿರಲೇ ಇಲ್ಲ. ಆಟಿಸಂ ಇದ್ದವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತೆ, ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ.

ಸಮ್ಮೇಳನಕ್ಕೆ ಮತ್ತೆ ಹೋಗಬಾರದಾ ಅಂತ ತಾಯಿ ಕೇಳಿದರು. ಖಂಡಿತ ಹೋಗಿ. ಮೊದಲ ದಿನ ಒಬ್ಬರೇ ಹೋಗಿ ನೋಡಿಕೊಂಡು ಬನ್ನಿ. ಮಗನನ್ನು ಕರೆದುಕೊಂಡು ಹೋಗೋದಾದರೆ ಗಂಡ ಜೊತೆಗಿರಲಿ, ಗಲಾಟೆಯಿಲ್ಲದ ಕೋಣೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಅವನು ಸಾಕು ಅಂದಾಗ ಹೊರಗೆ ಬನ್ನಿ, ಬರೀ ಇಪ್ಪತ್ತು ನಿಮಿಷ ಆಗಿದ್ದರೂ ಸರಿ. ವಿಡಿಯೋ ಮಾಡೋರಿಗೆ ಬೇಡ ಅನ್ನಿ.

ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಅವರೆಲ್ಲ ದರ್ಶನಕ್ಕೆ ಹೋಗಿದ್ದರಂತೆ. ಬೋರ್ಡು ತಾಯಿಯ ಕೊರಳಲ್ಲಿ. ಸಾಲಿನಲ್ಲಿ ಎರಡು ಗಂಟೆ ನಿಂತ ಮೇಲೆ ಚಿನ್ನು 'ಆಯ್ತು' ಮುಟ್ಟಿದ, ಆಮೇಲೆ 'ಹೊರಗೆ'. ತಾಯಿ ಹಿಂದೆ ಮುಂದೆ ನೋಡಿದರು, ಇನ್ನೇನು ಸ್ವಲ್ಪವೇ ಉಳಿದಿತ್ತು. ಮೊದಲು ಸಾಲು ಬಿಟ್ಟವರು ಅಜ್ಜಿ. ಅವನ ಕೈ ಹಿಡಿದು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಬೈದರಂತೆ, ಅದು ಬೇರೆ ಮಾತು.

ಟ್ಯಾಬ್ ಇನ್ನೂ ಬಂದಿಲ್ಲ. ಈಗ ತಗೊಳ್ಳೋಣ ಅನ್ನೋದು ಗಂಡ, ಮೈಸೂರಿಗೆ ಹೋಗಿಬರುವ ತನಕ ತಡೀರಿ ಅನ್ನೋದು ಹೆಂಡತಿ. ರಟ್ಟಿನ ಬೋರ್ಡು ಮಾತ್ರ ಇದು ಮೂರನೆಯದು. ಮೊದಲಿನ ಎರಡನ್ನು ಚಿನ್ನು ಕಚ್ಚಿ ಹಾಕಿದ್ದಾನೆ.