ಉತ್ತರ: ಅಟ್ಟದಲ್ಲಿದ್ದ ಹಳೇ ಟಿ-55 ಕಿಟ್ ಈಗ ಕಟ್ಟಬಹುದಾ?

ಕಾಲೇಜ್ ಟೈಮಲ್ಲಿ ತಗೊಂಡಿದ್ದ ಟಿ-55 (ರಷ್ಯಾದ ಯುದ್ಧ ಟ್ಯಾಂಕ್) 1/35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್ ಈಗ ಅಟ್ಟದಿಂದ ಇಳಿಸಿದೀನಿ, ಡಿಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ನಂಬರ್, ಗುರುತುಗಳ ಹಾಳೆ) ಹಳದಿ ಆಗಿದೆ, ಎಸೀಬೇಕಾ ಅಂತ ಕೇಳಿದ್ರಲ್ಲ, ಖಂಡಿತ ಬೇಡ ಸರ್, ಧಾರಾಳವಾಗಿ ಕಟ್ಟಿ. ಪಾರ್ಟ್ಸ್ ಕತ್ತರಿಸೋಕೆ ಮುಂಚೆ ಅವು ಅಂಟ್ಕೊಂಡಿರೋ ಪ್ಲಾಸ್ಟಿಕ್ ಫ್ರೇಮ್ ಸಮೇತ ಪಾತ್ರೆ ತೊಳೆಯೋ ಲಿಕ್ವಿಡ್ ನೀರಲ್ಲಿ ತೊಳೆದು ಒಣಗಿಸಿ, ಅಚ್ಚಿನ ಜಿಡ್ಡು ಉಳಿದ್ರೆ ಬಣ್ಣ ಹಿಡಿಯಲ್ಲ.

ಡಿಕಾಲ್ ಶೀಟನ್ನ ಜಿಪ್ ಕವರಲ್ಲಿ ಹಾಕಿ ಬಿಸಿಲು ಬೀಳೋ ಕಿಟಕಿ ಗಾಜಿಗೆ ಅಂಟಿಸಿ, ನಮ್ಮ ತುಮಕೂರು ಬಿಸಿಲಿಗೆ ಹಳದಿ ಎಷ್ಟೋ ಇಳಿಯತ್ತೆ, ಆಮೇಲೆ ಬೇಡದಿರೋ ಒಂದು ನಂಬರ್ ಮೊದಲು ನೀರಿಗೆ ಹಾಕಿ ನೋಡಿ, ಚೂರುಚೂರಾದ್ರೆ ಇಡೀ ಶೀಟಿಗೆ ಕ್ಲಿಯರ್ ಲ್ಯಾಕರ್ ಹೊಡೆದು ಒಣಗಿಸ್ಕೊಂಡು ಒಂದೊಂದನ್ನೂ ಅಂಚಿಗೆ ಕತ್ತರಿಸಿ ಬಳಸಿ. ವಿನೈಲ್ ಟ್ರ್ಯಾಕಲ್ಲಿ (ಚಕ್ರದ ಸುತ್ತ ಬರೋ ಪಟ್ಟಿ) ಬಿರುಕಿದ್ರೆ ಬೇರೆ ತರಿಸಿ.

ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿ ಎನಾಮಲ್ ಮಾತ್ರ ದಯವಿಟ್ಟು ಬೇಡ, ಗೇಟಿಗೆ ಬಳಿದಂಗಿರತ್ತೆ, ವೆಲ್ಡಿಂಗ್ ಗೆರೆ ಎಲ್ಲಾ ಮುಚ್ಚಿಹೋಗತ್ತೆ. ಮಳೆ ಹಿಡಿದಿರೋ ದಿನ ಲ್ಯಾಕರ್ ಸ್ಪ್ರೇ ಮಾಡ್ಬೇಡಿ, ಬೆಳ್ಳಗೆ ಮಂಕಾಗತ್ತೆ. ಹಳೇ ಅಂಟು ಗಟ್ಟಿಯಾಗಿರತ್ತೆ, ಹೊಸ ತೆಳು ಸಿಮೆಂಟ್ (ಪ್ಲಾಸ್ಟಿಕ್ ಮಾಡೆಲ್ ಅಂಟು) ತಗೊಳ್ಳಿ, ಫೆವಿಕ್ವಿಕ್ ಆಸೆ ಬಿಡಿ.

ಇನ್ನೊಂದು, ರಷ್ಯಾ ಮಾರ್ಕಿಂಗ್ ಯಾಕೆ, ನಮ್ಮ ಸೇನೆದೇ 1971ರದ್ದು ಮಾಡಿ ಅಂತೀನಿ ನಾನು. ಪಾಕಿಸ್ತಾನದ ಹತ್ರ ಥೇಟ್ ಇದೇ ಥರ ಕಾಣೋ ಚೀನಾದ ಟೈಪ್ 59 ಇತ್ತಲ್ಲ, ಗುರುತು ಸಿಗಲಿ ಅಂತ ನಮ್ಮೋರು ಬ್ಯಾರೆಲ್ ಮಧ್ಯದಲ್ಲಿ ಸುಳ್ಳು ಫ್ಯೂಮ್ ಎಕ್ಸ್‌ಟ್ರಾಕ್ಟರ್ (ಹೊಗೆ ಹೊರಹಾಕೋಕೆ ಬ್ಯಾರೆಲ್ ಮೇಲಿರೋ ದಪ್ಪ ಕೊಳವೆ) ಕೂರಿಸಿದ್ರು. ಜೂಸ್ ಸ್ಟ್ರಾ ತುಂಡು ಸಾಕು, ಎರಡೂ ಕಡೆ ಪುಟ್ಟಿ ಹಾಕಿ ಇಳಿಜಾರು ಮಾಡಿ ಉಜ್ಜಿಬಿಡಿ. ಆಗಿದ್ಮೇಲೆ ಫೋಟೋ ಹಾಕಿ ಸರ್.