ಅಪ್ಪನ ಪದ್ಮಿನಿಯೋ, ಹೊಸ ಆಲ್ಟೊವೋ?

ಪ್ರಶ್ನೆ: ಅಪ್ಪ ಕೊಂಡ 1982ರ ಪ್ರೀಮಿಯರ್ ಪದ್ಮಿನಿ ಮೂರು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಅದನ್ನೇ ರಿಪೇರಿ ಮಾಡಿಸಿ ದಿನಾ ಓಡಿಸಲೇ, ಹೊಸ ಆಲ್ಟೊ ಕೆ10 ಕೊಳ್ಳಲೇ? ತಿಂಗಳಿಗೆ ಎರಡು ಸಲ ಚಾರ್ಮಾಡಿ ಘಾಟಿ ಇಳಿಯಬೇಕು. ಆಲ್ಟೊ ತೀರಾ ಚಿಕ್ಕದು ಅಂತ ಮನೆಯವರ ಅಳುಕು.
– ಓದುಗರು, ಚಿಕ್ಕಮಗಳೂರು

ಉತ್ತರ: ಚಿಕ್ಕದೆಂಬ ಅಳುಕನ್ನು ಟೇಪು ಹಿಡಿದು ಅಳೆದು ಕಳೆದುಕೊಳ್ಳಿ. ಪದ್ಮಿನಿಯ ಉದ್ದ ಸುಮಾರು 3,930 ಮಿ.ಮೀ., ಆಲ್ಟೊದ್ದು 3,530. ಆದರೆ ಮುಂದಿನ–ಹಿಂದಿನ ಚಕ್ರಗಳ ನಡುವಿನ ಅಂತರ ಪದ್ಮಿನಿಯಲ್ಲಿ 2,340, ಆಲ್ಟೊದಲ್ಲಿ 2,380. ಅಗಲದಲ್ಲೂ ಆಲ್ಟೊ ಮೂರು ಸೆಂಟಿಮೀಟರ್ ಮುಂದೆ. ಪದ್ಮಿನಿಯ ಹೆಚ್ಚುವರಿ ಉದ್ದವೆಲ್ಲ ಬಾನೆಟ್ಟಿಗೂ ಡಿಕ್ಕಿಗೂ ಹೋಗಿದೆ. ನಿಜವಾಗಿ ಕಳೆದುಕೊಳ್ಳುವುದು ಆ ದೊಡ್ಡ ಡಿಕ್ಕಿ ಮತ್ತು ಸೋಫಾದಂಥ ಸೀಟು. ಎಂಜಿನ್ನಿನಲ್ಲಂತೂ ಹೋಲಿಕೆಯೇ ಇಲ್ಲ: ಪದ್ಮಿನಿಯ 1,089 ಸಿಸಿ ಸುಮಾರು 40 ಅಶ್ವಶಕ್ತಿ ಕೊಟ್ಟರೆ, ಆಲ್ಟೊದ 998 ಸಿಸಿ 66ರ ಆಸುಪಾಸು ಕೊಡುತ್ತದೆ, ಅದೂ ಹಗುರವಾದ ಬಾಡಿಯನ್ನು ಎಳೆಯಲು.

ನಿಮ್ಮ ವಿಷಯದಲ್ಲಿ ತೀರ್ಮಾನ ಮಾಡಬೇಕಾದದ್ದು ಬ್ರೇಕು. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅಂದರೆ ಚಕ್ರದೊಂದಿಗೆ ತಿರುಗುವ ಡಬ್ಬಿಯ ಒಳಗೋಡೆಗೆ ಲೈನಿಂಗ್ ಪಟ್ಟಿ ಒತ್ತಿ ನಿಲ್ಲಿಸುವಂಥದ್ದು. ಘಾಟಿಯಲ್ಲಿ ಒಂದೇ ಸಮನೆ ಒತ್ತುತ್ತಾ ಇಳಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗ್ ಹಿಡಿತ ಬಿಡುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಜೊತೆಗೆ ಹಳೆಯ ಗಾಡಿಗಳಲ್ಲಿ ಬ್ರೇಕ್ ಆಯಿಲಿನ ಲೈನು ಒಂದೇ. ಚಕ್ರದ ಬಳಿ ಆ ಪಟ್ಟಿಯನ್ನು ಒತ್ತುವ ಒಂದು ವೀಲ್ ಸಿಲಿಂಡರಿನ ರಬ್ಬರ್ ಸೋರಿದರೆ ನಾಲ್ಕೂ ಹೋದಂತೆ. ಆಲ್ಟೊಗೆ ಮುಂದೆ ಡಿಸ್ಕು, ಎರಡು ಪ್ರತ್ಯೇಕ ಲೈನು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್. 2025ರಿಂದ ಆರು ಏರ್‌ಬ್ಯಾಗು ಕೂಡ. ಚಾರ್ಮಾಡಿಗೆ ಮತ್ತು ದಿನದ ಓಡಾಟಕ್ಕೆ ಆಲ್ಟೊ ಕೊಳ್ಳಿ.

ಹಾಗೆಂದು ಪದ್ಮಿನಿಯನ್ನು ಗುಜರಿಗೆ ಹಾಕಬೇಡಿ. ಮೊದಲು ತುಕ್ಕು ನೋಡಿಸಿ. ಅದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ನೆಲದ ಶೀಟು, ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿ ತಟ್ಟೆ ಮುಖ್ಯ. ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಬಣ್ಣದಡಿ ಇರುವುದು ಪುಟ್ಟಿ. ಸ್ಕ್ರೂಡ್ರೈವರ್ ಒಳಗೆ ಹೊಕ್ಕರೆ ಶೀಟು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಲೇಬೇಕು. ಈ ಖರ್ಚು ಎಂಜಿನ್ ಕೆಲಸವನ್ನೂ ಮೀರಬಹುದು.

ಇಷ್ಟು ದಿನ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಟ್ಯಾಂಕಿನ ಹಳೆ ಪೆಟ್ರೋಲ್ ಪೂರ್ತಿ ಬಸಿಯಿರಿ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೈಯಲ್ಲಿ ತಿರುಗಿಸಿ; ಸಲೀಸಾಗಿ ತಿರುಗಿದ ಮೇಲೆಯೇ ಸೆಲ್ಫು. ಎಂಜಿನ್ ಬಿಸಿಯಾದಾಗ ಮೆಕ್ಯಾನಿಕ್ ಕೈಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿ. ಒಂದು ಸಿಲಿಂಡರಿನದು ಮಾತ್ರ ಕಡಿಮೆಯಿದ್ದರೆ ಅಲ್ಲೂ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ: ಏರಿದರೆ ರಿಂಗು, ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್. ಹೆಡ್ ಅಲ್ಯೂಮಿನಿಯಮ್ಮಿನದು, ಒಮ್ಮೆ ವಿಪರೀತ ಕಾದರೆ ಸೊಟ್ಟಗಾಗುತ್ತದೆ. ರೇಡಿಯೇಟರ್ ತೊಳೆಸದೆ ದೂರ ಹೋಗಬೇಡಿ.

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಉಬ್ಬಿ ಸೋರುತ್ತವೆ, ಬೆಂಕಿಯ ಅಪಾಯ. ಎಥೆನಾಲ್ ತಾಳುವ ಪೈಪು ಹಾಕಿಸಿ, ಮೆಕ್ಯಾನಿಕ್ ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ತೂತು) ಒಂದು ಸೈಜು ದೊಡ್ಡದು ಮಾಡಿ ನೋಡಲಿ. ಎಥೆನಾಲಿಗೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು.

ಆರ್‌ಸಿ ಅವಧಿ ಮುಗಿದಿದ್ದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ವಿಂಟೇಜ್ ನೋಂದಣಿ 50 ವರ್ಷ ತುಂಬಿದ ಗಾಡಿಗೆ ಮಾತ್ರ, ಅಂದರೆ ನಿಮಗೆ 2032ರ ನಂತರ; ಆ ನೋಂದಣಿಯಲ್ಲಿ ದಿನನಿತ್ಯ ಓಡಿಸುವಂತಿಲ್ಲ. ಬಣ್ಣ ಹೊಡೆಸುವುದು ಎಲ್ಲಕ್ಕಿಂತ ಕೊನೆಗೆ ಇರಲಿ. ನಾಲ್ಕೂ ವೀಲ್ ಸಿಲಿಂಡರ್ ಕಿಟ್, ಮಾಸ್ಟರ್ ಸಿಲಿಂಡರ್ ಕಿಟ್, ಹೋಸ್‌ಗಳು, ಹೊಸ ಬ್ರೇಕ್ ಆಯಿಲ್ ಇಷ್ಟೂ ಆದ ಮೇಲೆ ಭಾನುವಾರ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ.