ಸಬ್ಜೆಕ್ಟ್ ರ‍್ಯಾಂಡಮ್ಮಾ, ರಿಪೀಟೆಡ್ಡಾ? ನಿಮ್ಮ ಬಿಪಿ ಕ್ರಾಸ್‌ಓವರ್‌ಗೆ

ಸರ್, ದಾವಣಗೆರೆಲಿ ನಡೆಸ್ತಿರೋ ಕ್ರಾಸ್‌ಓವರ್ ಸ್ಟಡಿಲಿ (ಒಬ್ರಿಗೇ ಎರಡೂ ಮಾತ್ರೆ ಸರದಿಲಿ ಕೊಡೋದು) ಎರಡು ಮಾತ್ರೆ, ಎರಡು ಪೀರಿಯಡ್, ಪ್ರತಿ ಪೀರಿಯಡ್‌ನಲ್ಲೂ 1, 2, 4, 8ನೇ ಗಂಟೆಗೆ ಬಿಪಿ, ಈಗ ಸ್ಟ್ಯಾಟಿಸ್ಟಿಕ್ಸ್ ಮಾಡೆಲ್‌ನಲ್ಲಿ ಸಬ್ಜೆಕ್ಟ್‌ನ (ಸ್ಟಡಿಲಿರೋ ಒಬ್ಬೊಬ್ರು) ರ‍್ಯಾಂಡಮ್ ಹಾಕ್ಲಾ (ಒಬ್ಬೊಬ್ರ ಬಿಪಿ ಮಟ್ಟವೇ ಬೇರೆ ಅಂತ) ರಿಪೀಟೆಡ್ ಹಾಕ್ಲಾ (ಒಬ್ರದೇ ರೀಡಿಂಗ್‌ಗಳು ಒಂದಕ್ಕೊಂದು ಹೊಂದ್ಕಂತವೆ ಅಂತ) ಅಂತ ಕೇಳಿದ್ರಿ. ಪೀರಿಯಡ್‌ಗೆ ಒಂದೇ ರೀಡಿಂಗ್ ಇದ್ದಿದ್ರೆ ತಲೆನೋವೇ ಇರ್ಲಿಲ್ಲ, ರ‍್ಯಾಂಡಮ್ ಇಂಟರ್‌ಸೆಪ್ಟ್ ಹಾಕಿದ್ರೂ ಕಾಂಪೌಂಡ್ ಸಿಮೆಟ್ರಿ (ಯಾವ ಎರಡು ರೀಡಿಂಗ್ ತಗಂಡ್ರೂ ಕೋರಿಲೇಷನ್ ಒಂದೇ) ರಿಪೀಟೆಡ್ ಹಾಕಿದ್ರೂ ಉತ್ತರ ಒಂದೇ, ಕೋರಿಲೇಷನ್ ನೆಗೆಟಿವ್ ಬಂದಾಗ ಮಾತ್ರ ರ‍್ಯಾಂಡಮ್‌ನಲ್ಲಿ ವೇರಿಯನ್ಸ್ ಸೊನ್ನೆಗೆ ಸಿಕ್ಕಾಕ್ಕಂತದೆ. ಆ ಎರಡನ್ನೂ ಒಟ್ಟಿಗಂತೂ ಹಾಕ್ಬೇಡ್ರಿ, ಯಾವುದು ಎಷ್ಟು ಅಂತ ಮಾಡೆಲ್‌ಗೆ ಬಿಡಿಸೋಕಾಗಲ್ಲ.

ನಿಮ್ದು ಹಂಗಲ್ಲ, ಪೀರಿಯಡ್‌ಗೆ ನಾಲ್ಕು ರೀಡಿಂಗ್ ಇದಾವೆ, ಹಂಗಾಗಿ ಎರಡೂ ಬೇಕು, ಕೆಲಸ ಬೇರೆ ಬೇರೆ. ಸಬ್ಜೆಕ್ಟ್ ರ‍್ಯಾಂಡಮ್ ಇರ್ಲಿ, ಗಂಟೆಗಳಿಗೆ ರಿಪೀಟೆಡ್ ಕೊಡ್ರಿ, ಆದ್ರೆ ಅಲ್ಲಿ ಗುಂಪು ಮಾಡ್ವಾಗ ಸಬ್ಜೆಕ್ಟ್ ಜೊತೆ ಪೀರಿಯಡ್ಡೂ ಸೇರಿಸ್ರಿ, ಇಲ್ಲಾಂದ್ರೆ ಮೊದಲ ಪೀರಿಯಡ್‌ನ 8ನೇ ಗಂಟೆನೂ ಎರಡನೇದರ 1ನೇ ಗಂಟೆನೂ ಅಕ್ಕಪಕ್ಕ ಅಂದ್ಕಂತದೆ, ಮಧ್ಯೆ ವಾಶ್‌ಔಟ್ (ಹಳೆ ಮಾತ್ರೆ ಮೈಯಿಂದ ಹೋಗ್ಲಿ ಅಂತ ಬಿಡೋ ದಿನಗಳು) ಇರೋದು ಅದಕ್ಕೇನ್ ಗೊತ್ತು! ಗ್ಯಾಪ್ ಸಮ ಇಲ್ಲ, ಹಂಗಾಗಿ ಗ್ಯಾಪ್ ಎಲ್ಲ ಸಮ ಅಂದ್ಕಳೋ ಎಆರ್-1 ಬಿಟ್ಟು, ನಿಜವಾದ ಗಂಟೆ ಅಂತರ ಲೆಕ್ಕಕ್ಕೆ ತಗಳೋ ಸ್ಪೇಷಿಯಲ್ ಪವರ್ ನೋಡ್ರಿ.

ಸೀಕ್ವೆನ್ಸ್ (ಯಾವ ಮಾತ್ರೆ ಮೊದ್ಲು), ಟ್ರೀಟ್ಮೆಂಟ್, ಗಂಟೆ, ಟ್ರೀಟ್ಮೆಂಟ್-ಗಂಟೆ ಇಂಟರಾಕ್ಷನ್ (ಮಾತ್ರೆಗಳ ವ್ಯತ್ಯಾಸ ಗಂಟೆಗೆ ತಕ್ಕಂಗೆ ಬದಲಾಗೋದು) ಎಲ್ಲ ಫಿಕ್ಸ್ಡ್, ಅಂದ್ರೆ ಎಲ್ರಿಗೂ ಒಂದೇ ಪರಿಣಾಮ ಅಂತ. ಪೀರಿಯಡ್ಡೂ ಫಿಕ್ಸ್ಡೇ, ತೆಗಿಬೇಡ್ರಿ, ಮೊದಲನೇದು ಜನವರಿಲಿ ಎರಡನೇದು ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಬಂದ್ರೆ ಬಿಪಿ ಮಾತ್ರೆ ಇಲ್ದೇನೂ ಬದಲಾಗ್ತದೆ. ಜನ ಕಮ್ಮಿ ಇದ್ರೆ ಡಿಗ್ರೀಸ್ ಆಫ್ ಫ್ರೀಡಂಗೆ ಕೆನ್ವರ್ಡ್-ರೋಜರ್ (ಸಣ್ಣ ಸ್ಯಾಂಪಲ್‌ಗೆ ಮಾಡೋ ತಿದ್ದುಪಡಿ) ಹಾಕ್ರಿ.